ಸ್ಟ್ಯಾಕ್ ಸ್ವಿಚ್‌ಗೆ ಯಾವ ಮಾಡ್ಯೂಲ್? ಮೊದಲು ನೆಲದೊಳಗಿನ ಫೈಬರ್ ನೋಡಿ

ಪ್ರಶ್ನೆ: ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಹೊಸ ಬ್ಲಾಕ್‌ಗೆ ಸಿಸ್ಕೊ ಕ್ಯಾಟಲಿಸ್ಟ್ 9300, 48 ಪೋರ್ಟಿನ ಸ್ವಿಚ್ ಮೂರು ಬಂದಿವೆ. ಮೂರನ್ನೂ ಸ್ಟ್ಯಾಕ್ ಮಾಡಬೇಕು, ಅಂದರೆ ಸೇರಿಸಿ ಒಂದೇ ಸ್ವಿಚ್‌ನ ಹಾಗೆ ನಡೆಸಬೇಕು. ಮಾಡ್ಯೂಲ್ ಜಾಗ ಖಾಲಿ ಇದೆ. ಸಪ್ಲೈಯರ್ ಮೂರಕ್ಕೂ 40 ಜಿ (ಸೆಕೆಂಡಿಗೆ 40 ಗಿಗಾಬಿಟ್) ಮಾಡ್ಯೂಲ್ ಹಾಕಿ ಕೊಟೇಶನ್ ಕೊಟ್ಟಿದ್ದಾರೆ. ‘ಮಾಡ್ಯೂಲ್ ಇಲ್ಲದೆ ಸ್ಟ್ಯಾಕ್ ಆಗಲ್ಲ’ ಅಂತಾರೆ. ಇನ್ನೊಬ್ಬರು 1 ಜಿ ಮಾಡ್ಯೂಲ್ ಸಾಕು, ಸುಮ್ನೆ ದುಡ್ಡು ಹಾಕಬೇಡಿ ಅಂತಾರೆ. ಮೇನ್ ಬ್ಲಾಕ್‌ಗೆ 180 ಮೀಟರ್ ದೂರ. ಹಳೆಯ ಕಿತ್ತಳೆ ಬಣ್ಣದ 6 ಕೋರ್ (ಆರು ಎಳೆಯ) ಫೈಬರ್ ಇದೆ, ಮೇಲೆ 62.5/125 ಅಂತ ಬರೆದಿದೆ. ಅಲ್ಲಿನ ಕೋರ್ ಸ್ವಿಚ್‌ನಲ್ಲಿ (ಇಡೀ ಕಾಲೇಜಿನ ಮುಖ್ಯ ಸ್ವಿಚ್) ಎಸ್‌ಎಫ್‌ಪಿ ಪ್ಲಸ್ ಪೋರ್ಟ್ (10 ಜಿ ಆಪ್ಟಿಕ್ಸ್ ಚುಚ್ಚುವ ಕಿಂಡಿ) ನಾಲ್ಕು ಖಾಲಿ ಇವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಸ್ಕೊದ ಹಿಂದಿನ ಸ್ವಿಚ್ 3850ರ ಹಳೆಯ ಮಾಡ್ಯೂಲ್ ಕಡಿಮೆ ಬೆಲೆಗೆ ಸಿಗುತ್ತಿದೆ, ತಗೊಳ್ಳಬಹುದಾ? ಲೈಬ್ರರಿಯಲ್ಲಿರುವ ಎರಡು ಹಳೆಯ ಸಿಸ್ಕೊ 2960-ಎಕ್ಸ್ ಸ್ವಿಚ್‌ಗಳನ್ನೂ ಇದೇ ಸ್ಟ್ಯಾಕ್‌ಗೆ ಸೇರಿಸಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. 40 ಜಿ ಕೊಟೇಶನ್ ಬೇಡ. 1 ಜಿ ಮಾಡ್ಯೂಲೂ ಬೇಡ. 10 ಜಿ ಮಾಡ್ಯೂಲ್ ಎರಡು ತಗೊಳ್ಳಿ, ಮೂರಲ್ಲ. ಒಂದನ್ನು ಮೊದಲನೇ ಸ್ವಿಚ್‌ಗೆ, ಇನ್ನೊಂದನ್ನು ಮೂರನೆಯದಕ್ಕೆ ಹಾಕಿ. ಉಳಿಯುವ ದುಡ್ಡಿನಲ್ಲಿ ಹೊಸ ಸಿಂಗಲ್ ಮೋಡ್ (ಹೆಚ್ಚು ದೂರ ಹೋಗುವ ಜಾತಿಯ) ಫೈಬರ್ ಎಳೆಸಿ. ನಿಮ್ಮ ವಿಷಯದಲ್ಲಿ ಮಾಡ್ಯೂಲ್ ಯಾವುದು ಅನ್ನೋದನ್ನು ನಿರ್ಧರಿಸುವುದು ಸ್ವಿಚ್ ಅಲ್ಲ, ಆ ಕಿತ್ತಳೆ ಕೇಬಲ್.

ಈಗ ಸಪ್ಲೈಯರ್ ಹೇಳಿದ ಮಾತು ನೋಡೋಣ. 9300ರಲ್ಲಿ ಸ್ಟ್ಯಾಕ್ ಪೋರ್ಟ್ ಸ್ವಿಚ್‌ನ ಹಿಂಬದಿಯಲ್ಲಿ ಕಾರ್ಖಾನೆಯಿಂದಲೇ ಬಂದಿರುತ್ತದೆ. ಸ್ಟ್ಯಾಕ್‌ವೈಸ್-480 ಅಂತ ಅದರ ಹೆಸರು. ಅದಕ್ಕೆ ಬೇಕಾಗಿರುವುದು ಸ್ಟ್ಯಾಕ್ ಕೇಬಲ್ ಮಾತ್ರ. ಮುಂದಿನ ಬಲ ತುದಿಯಲ್ಲಿ ಖಾಲಿ ಇರುವ ಜಾಗದಲ್ಲಿ ಕೂರುವ ನೆಟ್‌ವರ್ಕ್ ಮಾಡ್ಯೂಲ್‌ಗೂ ಸ್ಟ್ಯಾಕ್‌ಗೂ ಸಂಬಂಧವೇ ಇಲ್ಲ. ಸ್ಟ್ಯಾಕ್ ಕೇಬಲ್ ಮನೆಯೊಳಗಿನ ಪಡಸಾಲೆ ಇದ್ದ ಹಾಗೆ, ಮಾಡ್ಯೂಲ್ ಮನೆಯಿಂದ ಊರಿಗೆ ಹೋಗುವ ರಸ್ತೆ, ಅದಕ್ಕೇ ಅಪ್‌ಲಿಂಕ್ ಅನ್ನುತ್ತಾರೆ. ಮೂರೂ ಸ್ವಿಚ್ ಒಂದೇ ಮನೆ ಆದಮೇಲೆ ಪ್ರತಿ ಕೋಣೆಗೂ ಬೇರೆ ರಸ್ತೆ ಬೇಕಿಲ್ಲ.

ಆದರೆ ಸಪ್ಲೈಯರ್ ಬೇಕಂತಲೇ ಸುಳ್ಳು ಹೇಳಿದರು ಅಂತಲೂ ಅಂದುಕೊಳ್ಳಬೇಡಿ. ಕೆಲವು ಸ್ವಿಚ್‌ಗಳಲ್ಲಿ ಸ್ಟ್ಯಾಕ್ ಮಾಡಲು ನಿಜವಾಗಿಯೂ ಬೇರೆ ಮಾಡ್ಯೂಲ್ ಬೇಕು. 2960-ಎಕ್ಸ್‌ಗೆ ಫ್ಲೆಕ್ಸ್‌ಸ್ಟ್ಯಾಕ್-ಪ್ಲಸ್ ಮಾಡ್ಯೂಲ್ ಹಿಂದೆ ಹಾಕಬೇಕು. 3650, 9200, 9300ಎಲ್ ಇವುಗಳಿಗೆ ಸ್ಟ್ಯಾಕ್ ಕಿಟ್ ಪ್ರತ್ಯೇಕವಾಗಿ ಕೊಳ್ಳಬೇಕು. ಎಚ್‌ಪಿಇ ಅರುಬಾ 2930ಎಂ ತಗೊಂಡರೂ ಹಾಗೇ: ಸ್ಟ್ಯಾಕಿಂಗ್ ಮಾಡ್ಯೂಲ್‌ಗೆ ಒಂದು ಜಾಗ, ಅಪ್‌ಲಿಂಕ್ ಮಾಡ್ಯೂಲ್‌ಗೆ ಇನ್ನೊಂದು ಜಾಗ. 3810ಎಂನ ಅಪ್‌ಲಿಂಕ್ ಮಾಡ್ಯೂಲ್ 2930ಎಂಗೆ ಹೊಂದುತ್ತದೆ, ಅದರ ಸ್ಟ್ಯಾಕಿಂಗ್ ಮಾಡ್ಯೂಲ್ ಹೊಂದುವುದಿಲ್ಲ. ಅದೇ ಅರುಬಾದ 2930ಎಫ್‌ನಲ್ಲಿ ಮಾಡ್ಯೂಲ್ ಅನ್ನೋದೇ ಇಲ್ಲ. ಮುಂದಿನ ಎಸ್‌ಎಫ್‌ಪಿ ಪ್ಲಸ್ ಪೋರ್ಟ್‌ಗಳಲ್ಲೇ ಸ್ಟ್ಯಾಕ್ ಆಗುತ್ತದೆ. ನಾಲ್ಕು ಪೋರ್ಟಿನಲ್ಲಿ ಎರಡು ಸ್ಟ್ಯಾಕ್ ರಿಂಗ್‌ಗೆ ಹೋದರೆ ಅಪ್‌ಲಿಂಕ್‌ಗೆ ಉಳಿಯುವುದು ಎರಡೇ. ಜೂನಿಪರ್ ಇಎಕ್ಸ್4300ರಲ್ಲಿ ಹಿಂದಿನ 40 ಜಿಯ ನಾಲ್ಕು ಕ್ಯೂಎಸ್‌ಎಫ್‌ಪಿ ಪೋರ್ಟ್ ಸ್ಟ್ಯಾಕ್‌ಗಂತಲೇ ಮೀಸಲಾಗಿ ಬರುತ್ತವೆ, ಅಪ್‌ಲಿಂಕ್ ಮಾಡ್ಯೂಲ್ ಮುಂದೆ ಬೇರೆ. ಹೀಗೆ ಒಬ್ಬೊಬ್ಬರದು ಒಂದೊಂದು ಥರ. ಅದಕ್ಕೇ ‘ಮಾಡ್ಯೂಲ್ ಬೇಕು’ ಅಂತ ಯಾರಾದರೂ ಅಂದರೆ ‘ಸ್ಟ್ಯಾಕ್‌ಗೋ, ಅಪ್‌ಲಿಂಕ್‌ಗೋ?’ ಅಂತ ತಿರುಗಿ ಕೇಳಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಇನ್ನು ಫೈಬರ್. 62.5/125 ಅಂತ ಬರೆದಿರುವ ಕಿತ್ತಳೆ ಕೇಬಲ್ ಅಂದರೆ ಓಎಂ1 ಮಲ್ಟಿಮೋಡ್. 1 ಜಿ ಕಾಲದ ಕೇಬಲ್ ಅದು. 1 ಜಿಯ ಎಸ್‌ಎಕ್ಸ್ ಎಸ್‌ಎಫ್‌ಪಿ (ಪೋರ್ಟಿಗೆ ಚುಚ್ಚುವ, ಬೆಳಕು ಕಳಿಸುವ ಚಿಕ್ಕ ತುಂಡು; ಎಸ್‌ಎಕ್ಸ್, ಎಸ್‌ಆರ್, ಎಲ್‌ಆರ್ ಅದರ ಬಗೆಗಳು) ಹಾಕಿದರೆ ಇದರ ಮೇಲೆ 220ರಿಂದ 275 ಮೀಟರ್ ಓಡುತ್ತದೆ. ಆದ್ದರಿಂದ ನಿಮ್ಮ 180 ಮೀಟರ್‌ಗೆ 1 ಜಿಯಲ್ಲಿ ಏನೂ ತೊಂದರೆ ಇಲ್ಲ. 10 ಜಿಗೆ ಬಂದ ಕೂಡಲೇ ಕಥೆ ಬದಲಾಗುತ್ತದೆ. 10 ಜಿಯ ಎಸ್‌ಆರ್ ಈ ಕೇಬಲ್ ಮೇಲೆ ಹೋಗುವುದು 33 ಮೀಟರ್ ಮಾತ್ರ. 50 ಮೈಕ್ರಾನಿನ ಓಎಂ2 ಆಗಿದ್ದರೂ 82 ಮೀಟರ್. ಆಕಾಶನೀಲಿ-ಹಸಿರು ಬಣ್ಣದ ಓಎಂ3 ಆಗಿದ್ದರೆ 300 ಮೀಟರ್ ಹೋಗುತ್ತಿತ್ತು, ಓಎಂ4 ಆಗಿದ್ದರೆ 400.

ಹಾಗಾದರೆ 40 ಜಿ? ಎಸ್‌ಆರ್4 ಅನ್ನುವ ಸಾಮಾನ್ಯ 40 ಜಿ ಆಪ್ಟಿಕ್ಸ್‌ಗೆ ಓಎಂ3ಯಲ್ಲೇ 100 ಮೀಟರ್ ಮಿತಿ. ಜೊತೆಗೆ ಒಂದು ಲಿಂಕ್‌ಗೆ 8 ಫೈಬರ್ ಬೇಕು, ಹಲವು ಎಳೆ ಒಟ್ಟಿಗೆ ಸೇರುವ ಎಂಪಿಒ ಕನೆಕ್ಟರ್ ಬೇಕು. ನಿಮ್ಮ ಹತ್ತಿರ ಇರುವುದೇ 6. ಎರಡೇ ಫೈಬರ್ ಮೇಲೆ ಓಡುವ ಬೈಡಿ ಅನ್ನೋದೂ ಒಂದಿದೆ, ಅದಕ್ಕೂ ಓಎಂ3ಯಲ್ಲಿ 100 ಮೀಟರ್. ಅಂದರೆ ಸಪ್ಲೈಯರ್ ಕೊಟ್ಟ ಕೊಟೇಶನ್ ಹಾಗೇ ತಗೊಂಡು ಬಂದಿದ್ದರೆ ಲಿಂಕ್ ಲೈಟೇ ಹತ್ತುತ್ತಿರಲಿಲ್ಲ. ಸಿಂಗಲ್ ಮೋಡ್ ಹಾಕಿ ಎಲ್‌ಆರ್4 ಕೊಂಡರೆ 40 ಜಿ ಬರುತ್ತದೆ, ನಿಜ. ಆದರೆ ಆ ಕಡೆ ನಿಮ್ಮ ಕೋರ್ ಸ್ವಿಚ್‌ನಲ್ಲಿ ಖಾಲಿ ಇರುವುದು ಎಸ್‌ಎಫ್‌ಪಿ ಪ್ಲಸ್ ಪೋರ್ಟ್. ಕ್ಯೂಎಸ್‌ಎಫ್‌ಪಿ ಚುಚ್ಚಲು ಅಲ್ಲಿ ಜಾಗವೇ ಇಲ್ಲ. ಆ ಕಡೆಯ ತುದಿ ನೋಡದೆ ಈ ಕಡೆಗೆ ಮಾಡ್ಯೂಲ್ ಬರೆದ ಕೊಟೇಶನ್ ಅದು.

ಹಳೆಯ ಮಲ್ಟಿಮೋಡ್ ಮೇಲೇ 10 ಜಿ ಓಡಿಸಲು ಒಂದು ದಾರಿ ಇದೆ: ಎಲ್‌ಆರ್‌ಎಂ ಅನ್ನುವ ಆಪ್ಟಿಕ್ಸ್. ಓಎಂ1ರ ಮೇಲೂ 220 ಮೀಟರ್ ತನಕ ಹೋಗುತ್ತದೆ. ಎರಡೂ ತುದಿಗೆ ಮೋಡ್ ಕಂಡೀಷನಿಂಗ್ ಪ್ಯಾಚ್ ಕಾರ್ಡ್ ಬೇಕು. ಎರಡೂ ಕಡೆಯ ಸ್ವಿಚ್ ಅದನ್ನು ಒಪ್ಪಬೇಕು. ನೆಲ ಅಗೆಯಲು ಸಾಧ್ಯವೇ ಇಲ್ಲ, ಕಟ್ಟಡ ಹೆರಿಟೇಜ್, ಮಧ್ಯೆ ಹೈವೇ ಇದೆ ಅನ್ನುವವರಿಗೆ ಎಲ್‌ಆರ್‌ಎಂ ದೇವರು ಕೊಟ್ಟ ವರ. ಒಂದೇ ಕ್ಯಾಂಪಸ್‌ನಲ್ಲಿ 180 ಮೀಟರ್ ಟ್ರೆಂಚ್ ಹೊಡೆಸಬಹುದಾದ ನಿಮಗೆ ಅದು ಬೇಡ. ಹಳೆಯ ಕೇಬಲ್‌ನ ಎಲ್‌ಐಯುನಲ್ಲಿ (ಫೈಬರ್ ತುದಿ ಸೇರುವ ಪೆಟ್ಟಿಗೆ) ಎಸ್‌ಸಿ ಕನೆಕ್ಟರ್ ಇದೆಯೋ ಎಸ್‌ಟಿ ಇದೆಯೋ, ಎಷ್ಟು ಕಡೆ ಸ್ಪ್ಲೈಸ್ ಮಾಡಿದ್ದಾರೋ (ಬೆಸೆದಿದ್ದಾರೋ), ಇಲಿ ಎಲ್ಲಿ ಕಚ್ಚಿದೆಯೋ ಯಾರಿಗೆ ಗೊತ್ತು. ಅದರ ಮೇಲೆ ಹೊಸ ಬ್ಲಾಕ್‌ನ ಭಾರ ಹಾಕಬೇಡಿ.

ಹೊಸದು ಎಳೆಸುವಾಗ 12 ಕೋರ್ ಸಿಂಗಲ್ ಮೋಡ್ ಆರ್ಮರ್ಡ್ ಕೇಬಲ್ ಹೇಳಿ, ಎಚ್‌ಡಿಪಿಇ ಪೈಪಿನೊಳಗೆ. 6 ಕೋರ್‌ಗೂ 12 ಕೋರ್‌ಗೂ ಕೇಬಲ್ ಬೆಲೆಯಲ್ಲಿ ಇರುವ ವ್ಯತ್ಯಾಸ, ಅಗೆಯುವ ಕೂಲಿಯ ಮುಂದೆ ಏನೂ ಅಲ್ಲ. ಎಲ್ಲಾ ಕೋರ್‌ಗಳನ್ನೂ ಎರಡೂ ತುದಿಯಲ್ಲಿ ಪಿಗ್‌ಟೇಲ್ (ಕನೆಕ್ಟರ್ ಇರುವ ತುಂಡು ಫೈಬರ್) ಹಾಕಿ ಸ್ಪ್ಲೈಸ್ ಮಾಡಿಸಿ. ‘ಸದ್ಯಕ್ಕೆ ನಾಲ್ಕು ಸಾಕು ಸರ್’ ಅಂತಾರೆ, ಒಪ್ಪಬೇಡಿ. ಫೈಬರ್ ಪರೀಕ್ಷೆಯ ಓಟಿಡಿಆರ್ ರಿಪೋರ್ಟ್ ಪ್ರತಿ ಕೋರ್‌ಗೂ ತಗೊಳ್ಳಿ. ಸಿಂಗಲ್ ಮೋಡ್ ಹಾಕಿದರೆ 10 ಜಿಯ ಎಲ್‌ಆರ್ ಎಸ್‌ಎಫ್‌ಪಿ 10 ಕಿಲೋಮೀಟರ್ ಹೋಗುತ್ತದೆ. ನಾಳೆ 25, 40, 100 ಜಿಗೆ ಹೋದರೂ ಇದೇ ಗ್ಲಾಸ್ ಸಾಕು.

ಇಲ್ಲಿ ಅನೇಕರಿಗೆ ಒಂದು ಭಯ. 10 ಕಿಲೋಮೀಟರಿನ ಎಸ್‌ಎಫ್‌ಪಿಯನ್ನು 180 ಮೀಟರ್‌ಗೆ ಹಾಕಿದರೆ ಬೆಳಕು ಜಾಸ್ತಿಯಾಗಿ ಆ ಕಡೆಯದು ಸುಟ್ಟುಹೋಗುತ್ತದಾ ಅಂತ. ಎಲ್‌ಆರ್‌ನಲ್ಲಿ ಆ ಭಯ ಬೇಡ. ಅದು ಕಳಿಸುವ ಗರಿಷ್ಠ ಬೆಳಕು 0.5 ಡಿಬಿಎಂ, ತಾಳಿಕೊಳ್ಳುವ ಗರಿಷ್ಠವೂ ಅಷ್ಟೇ. 40 ಕಿಲೋಮೀಟರಿನ ಇಆರ್ ತಂದು ಹಾಕಿದರೆ ಮಾತ್ರ ಬೆಳಕು ಕುಗ್ಗಿಸುವ ಅಟೆನ್ಯುಯೇಟರ್ ಇಲ್ಲದೆ ಕೆಡುತ್ತದೆ. ‘ಜಾಸ್ತಿ ದೂರ ಹೋಗೋದು, ಒಳ್ಳೇದಲ್ವಾ’ ಅಂತ ಯಾರಾದರೂ ಇಆರ್ ಕೊಡಲು ಬಂದರೆ ವಾಪಸ್ ಕಳಿಸಿ.

1 ಜಿ ಸಾಕು ಅಂದವರ ಮಾತಿಗೂ ಬರೋಣ. ಅವರು ಪೂರ್ತಿ ತಪ್ಪಲ್ಲ. ಕಾಲೇಜಿನ ಇಂಟರ್ನೆಟ್ ಲಿಂಕೇ 1 ಜಿ ಇದ್ದರೆ ಬ್ರೌಸಿಂಗ್‌ಗೆ 10 ಜಿ ಅಪ್‌ಲಿಂಕ್‌ನಿಂದ ಏನೂ ಸಿಗುವುದಿಲ್ಲ. ಸಿಗುವುದು ಒಳಗಿನ ಓಡಾಟಕ್ಕೆ. ಲ್ಯಾಬಿನಲ್ಲಿ 60 ಕಂಪ್ಯೂಟರ್, ಒಂದೊಂದಕ್ಕೆ 30 ಜಿಬಿ ಇಮೇಜ್ (ಸಿದ್ಧ ಸಾಫ್ಟ್‌ವೇರ್ ಪ್ರತಿ) ಹಾಕಬೇಕು, ಸರ್ವರ್ ಮೇನ್ ಬ್ಲಾಕ್‌ನಲ್ಲಿದೆ ಅಂತ ಇಟ್ಟುಕೊಳ್ಳಿ. ಒಟ್ಟು 1,800 ಜಿಬಿ. 1 ಜಿ ಲಿಂಕ್ ಮೇಲೆ ಲೆಕ್ಕಕ್ಕೇ 4 ಗಂಟೆ ಆಯಿತು, ಅದೂ ಬೇರೆ ಯಾರೂ ಮುಟ್ಟದಿದ್ದರೆ. 10 ಜಿಯಲ್ಲಿ 24 ನಿಮಿಷ, ಸರ್ವರ್ ಮತ್ತು ಡಿಸ್ಕ್ ಅಷ್ಟು ವೇಗ ಕೊಟ್ಟರೆ. (ಮಲ್ಟಿಕಾಸ್ಟ್‌ನಲ್ಲಿ, ಅಂದರೆ ಎಲ್ಲಕ್ಕೂ ಒಟ್ಟಿಗೇ ಕಳಿಸಿ, ಇಮೇಜ್ ಹಾಕಿದರೆ ಈ ಲೆಕ್ಕ ಬದಲಾಗುತ್ತದೆ. ಆದರೆ ಅದನ್ನು ಸರಿಯಾಗಿ ಮಾಡಿಟ್ಟ ಲ್ಯಾಬ್ ಅಪರೂಪ.) ಇದರ ಮೇಲೆ ಕ್ಯಾಮೆರಾ. 4 ಎಂಬಿಪಿಎಸ್‌ನ 60 ಕ್ಯಾಮೆರಾ ಅಂದರೆ 240 ಎಂಬಿಪಿಎಸ್. 1 ಜಿಯ ಕಾಲು ಭಾಗ ಹಗಲು ರಾತ್ರಿ ಅಲ್ಲೇ ಹೋಯಿತು.

ಒಟ್ಟು ಲೆಕ್ಕ ನೋಡಿದರೆ 48 ಪೋರ್ಟಿನ ಮೂರು ಸ್ವಿಚ್, ಎಲ್ಲವೂ 1 ಜಿ ಅಂದುಕೊಂಡರೆ 144 ಜಿ. ಮೇಲಕ್ಕೆ 1 ಜಿಯ ಎರಡು ಲಿಂಕ್ ಕೊಟ್ಟರೆ 72ಕ್ಕೆ 1. 10 ಜಿಯ ಎರಡು ಕೊಟ್ಟರೆ 7.2ಕ್ಕೆ 1. ಬಳಕೆದಾರರು ಸೇರುವ ಆಕ್ಸೆಸ್ ಮಟ್ಟದಲ್ಲಿ 20ಕ್ಕೆ 1ರ ಒಳಗೆ ಇದ್ದರೆ ಸಾಕು ಅನ್ನೋದು ಬಹಳ ಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ಆ ಲೆಕ್ಕದಲ್ಲಿ 10 ಜಿ ಎರಡು ನಿಮಗೆ ಧಾರಾಳ. 40 ಜಿ ಬೇಡ ಅನ್ನಲು ಇದೂ ಒಂದು ಕಾರಣ.

‘1 ಜಿ ನಾಲ್ಕು ಸೇರಿಸಿ 4 ಜಿ ಮಾಡ್ಕೊಳ್ಳಿ’ ಅಂತಲೂ ಹೇಳುವವರಿದ್ದಾರೆ. ಹೀಗೆ ಲಿಂಕ್ ಸೇರಿಸುವ ಈಥರ್‌ಚಾನಲ್‌ನಲ್ಲಿ ಒಂದು ಸಂಭಾಷಣೆ ಒಂದೇ ಲಿಂಕ್ ಮೇಲೆ ಹೋಗುತ್ತದೆ. ಸರ್ವರಿನಿಂದ ಸರ್ವರಿಗೆ ರಾತ್ರಿ ಹೋಗುವ ಒಂದು ಬ್ಯಾಕಪ್‌ಗೆ ನಾಲ್ಕು ಲಿಂಕ್ ಇದ್ದರೂ ಸಿಗುವುದು 1 ಜಿಯೇ. ಮಿಕ್ಕ ಮೂರು ಸುಮ್ನೆ ಕೂತಿರುತ್ತವೆ.

9300ಕ್ಕೆ ಸಿಗುವ ಮಾಡ್ಯೂಲ್ ಹೀಗಿವೆ. ಎನ್‌ಎಂ-4ಜಿ ಅಂದರೆ 1 ಜಿ ನಾಲ್ಕು. ಎನ್‌ಎಂ-4ಎಂ ಅಂದರೆ ತಾಮ್ರದ ಮಲ್ಟಿಗಿಗಾಬಿಟ್ ನಾಲ್ಕು. ಎನ್‌ಎಂ-8ಎಕ್ಸ್ ಅಂದರೆ 10 ಜಿ ಎಂಟು. ಎನ್‌ಎಂ-2ವೈ ಅಂದರೆ 25 ಜಿ ಎರಡು. ಎನ್‌ಎಂ-2ಕ್ಯೂ ಅಂದರೆ 40 ಜಿ ಎರಡು. 10 ಜಿ ನಾಲ್ಕು ಪೋರ್ಟಿನದು 9300ರ ಪಟ್ಟಿಯಲ್ಲಿ ಇಲ್ಲ, ಇದ್ದಿದ್ದರೆ ನಿಮಗೆ ಅದನ್ನೇ ಹೇಳುತ್ತಿದ್ದೆ.

ಎನ್‌ಎಂ-4ಜಿಯ ಮುಖ್ಯ ತೊಡಕು ಅದು 1 ಜಿಗಷ್ಟೇ ಅನ್ನೋದು. ಎಸ್‌ಎಫ್‌ಪಿ ಪ್ಲಸ್ ಅದರೊಳಗೆ ಕೂರಬಹುದು, ಕೆಲಸ ಮಾಡುವುದಿಲ್ಲ. ನಾಳೆ 10 ಜಿ ಬೇಕೆಂದರೆ ಮಾಡ್ಯೂಲ್ ಪೂರ್ತಿ ಕಿತ್ತು ಬದಿಗಿಡಬೇಕು. 8ಎಕ್ಸ್ ಹಾಗಲ್ಲ. ಅದರಲ್ಲಿ 1 ಜಿಯ ಎಸ್‌ಎಫ್‌ಪಿಯೂ ಓಡುತ್ತದೆ, 10 ಜಿಯದೂ ಓಡುತ್ತದೆ. ಇದರಿಂದ ನಿಮಗೆ ದೊಡ್ಡ ಅನುಕೂಲ ಇದೆ. ಹೊಸ ಫೈಬರ್ ಬರಲು ತಿಂಗಳುಗಟ್ಟಲೆ ಆಗಬಹುದು. ಅಲ್ಲಿಯವರೆಗೆ 8ಎಕ್ಸ್‌ನಲ್ಲೇ 1 ಜಿ ಎಸ್‌ಎಕ್ಸ್ ಹಾಕಿ ಹಳೆಯ ಕಿತ್ತಳೆ ಕೇಬಲ್ ಮೇಲೆ ಬ್ಲಾಕ್ ಶುರು ಮಾಡಿ. ಕೋರ್ ಕಡೆಯ ಪೋರ್ಟ್ 1 ಜಿಗೆ ಒಪ್ಪುತ್ತದೆಯೇ ನೋಡಿಕೊಳ್ಳಿ, ಹೆಚ್ಚಿನವು ಒಪ್ಪುತ್ತವೆ. ಹೊಸ ಫೈಬರ್ ಬಂದ ದಿನ ಎಸ್‌ಎಫ್‌ಪಿ ಮಾತ್ರ ಬದಲಿಸಿ. ಎರಡೂ ತುದಿಯಲ್ಲಿ ಒಟ್ಟಿಗೇ ಬದಲಿಸಬೇಕು. ಒಂದು ಕಡೆ 10 ಜಿ, ಇನ್ನೊಂದು ಕಡೆ 1 ಜಿ ಹಾಕಿದರೆ ತಾಮ್ರದ ಪೋರ್ಟಿನ ಹಾಗೆ ಅವು ಮಾತಾಡಿಕೊಂಡು ವೇಗ ಇಳಿಸಿಕೊಳ್ಳುವುದಿಲ್ಲ, ಲಿಂಕೇ ಬರುವುದಿಲ್ಲ. ಹಾಗೇ ಒಂದು ಕಡೆ ಎಸ್‌ಆರ್, ಇನ್ನೊಂದು ಕಡೆ ಎಲ್‌ಆರ್ ಕೂಡ ನಡೆಯಲ್ಲ. ಪ್ಯಾಚ್ ಕಾರ್ಡ್‌ಗಳನ್ನೂ ಕೇಬಲ್‌ನ ಜಾತಿಯದ್ದೇ ತಗೊಳ್ಳಿ. 62.5ರ ಕೇಬಲ್‌ಗೆ 50ರ ಪ್ಯಾಚ್ ಕಾರ್ಡ್ ಸಿಕ್ಕಿಸಿ, ಬೆಳಕು ಸಾಲದೆ, ಎಸ್‌ಎಫ್‌ಪಿ ಹಾಳಾಗಿದೆ ಅಂತ ಬದಲಿಸುತ್ತಾ ಕೂರುವವರನ್ನು ಬಹಳ ನೋಡಿದ್ದೇನೆ.

2ವೈ ಬಗ್ಗೆ ಯೋಚಿಸಬಹುದು. 25 ಜಿಯ ಪೋರ್ಟು, 10 ಜಿಗೂ ಒಪ್ಪುತ್ತದೆ. ಇನ್ನೆರಡು ಮೂರು ವರ್ಷದಲ್ಲಿ ಕೋರ್ ಸ್ವಿಚ್ 25 ಜಿಗೆ ಬದಲಾಗುವುದು ಖಚಿತ ಇದ್ದರೆ, ಮತ್ತು ಒಂದು ಸ್ವಿಚ್‌ಗೆ ಎರಡು ಅಪ್‌ಲಿಂಕ್ ಸಾಕು ಅನ್ನುವುದಾದರೆ, ಅದನ್ನೇ ತಗೊಳ್ಳಿ. ನನಗೆ ನಿಮ್ಮ ಜಾಗದಲ್ಲಿ 8ಎಕ್ಸ್ ಇಷ್ಟವಾಗುವುದಕ್ಕೆ ಕಾರಣ ಉಳಿಯುವ ಪೋರ್ಟುಗಳು. ಹೊಸ ಬ್ಲಾಕ್‌ನಲ್ಲೇ ಒಂದು ಸರ್ವರ್ ಬಂತು, ಪಕ್ಕದ ಹಾಸ್ಟೆಲ್‌ಗೆ ಒಂದು ಲಿಂಕ್ ಕೊಡಬೇಕಾಯಿತು ಅಂದರೆ ಜಾಗ ಇರುತ್ತದೆ. ಕಾಲೇಜಿನಲ್ಲಿ ಅಂಥದ್ದು ಬಂದೇ ಬರುತ್ತದೆ. ಅದೇ ರ‍್ಯಾಕ್‌ನ ಸರ್ವರ್‌ಗೆ ಆಪ್ಟಿಕ್ಸೂ ಬೇಡ, 1 ಅಥವಾ 3 ಮೀಟರಿನ ಡಿಎಸಿ (ಎರಡೂ ತುದಿಗೆ ಪ್ಲಗ್ ಇರುವ ತಾಮ್ರದ) ಕೇಬಲ್ ಸಾಕು.

4ಎಂ ನೋಡಿ ‘ಹಾಗಾದರೆ ಕ್ಯಾಟ್ 6ಎ ಎಳೆದುಬಿಡೋಣ, ಫೈಬರ್ ಯಾಕೆ’ ಅನ್ನುವವರಿಗೆ: ತಾಮ್ರಕ್ಕೆ 100 ಮೀಟರ್ ಮಿತಿ, ನಿಮ್ಮದು 180. ದೂರ ಕಡಿಮೆ ಇದ್ದರೂ ಎರಡು ಕಟ್ಟಡದ ಮಧ್ಯೆ ತಾಮ್ರ ಬೇಡ. ಎರಡು ಕಟ್ಟಡದ ಅರ್ಥಿಂಗ್ ಬೇರೆ ಬೇರೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ಸ್ವಿಚ್‌ನ ಪೋರ್ಟುಗಳು ಸಾಲಾಗಿ ಹೋಗುವುದು ಹೀಗೇ.

ಈಗ ಎರಡೇ ಮಾಡ್ಯೂಲ್ ಯಾಕೆ, ಅದೂ ಬೇರೆ ಬೇರೆ ಸ್ವಿಚ್‌ನಲ್ಲಿ ಯಾಕೆ ಅನ್ನೋದು. ಒಂದೇ ಮಾಡ್ಯೂಲ್‌ನಲ್ಲಿ ಎಂಟು ಪೋರ್ಟ್ ಇದೆ, ಎರಡೂ ಲಿಂಕ್ ಅದರಲ್ಲೇ ಹಾಕಿದರೆ ಆಗಲ್ವಾ ಅಂತ ಆಡಿಟ್‌ನವರು ಕೇಳಬಹುದು. ಆಗುತ್ತದೆ. ಆದರೆ ಆ ಒಂದು ಸ್ವಿಚ್‌ನ ಪವರ್ ಸಪ್ಲೈ ಹೋದ ದಿನ ಉಳಿದ ಎರಡು ಸ್ವಿಚ್ ಚೆನ್ನಾಗಿ ಉರಿಯುತ್ತಾ ಇರುತ್ತವೆ, ಹೊರಗೆ ಹೋಗಲು ದಾರಿ ಇರುವುದಿಲ್ಲ. ಇಡೀ ಬ್ಲಾಕ್ ನಿಲ್ಲುತ್ತದೆ. ಸ್ಟ್ಯಾಕ್ ಮಾಡಿದ ಉದ್ದೇಶವೇ ಅಲ್ಲಿಗೆ ಮುಗಿಯಿತು. ಮೊದಲನೆಯದರಲ್ಲಿ ಒಂದು, ಮೂರನೆಯದರಲ್ಲಿ ಒಂದು ಹಾಕಿ, ಎರಡು ಲಿಂಕನ್ನೂ ಸೇರಿಸಿ ಎಲ್‌ಎಸಿಪಿಯಲ್ಲಿ (ಲಿಂಕ್ ಸೇರಿಸುವ ವಿಧಾನ) ಒಂದೇ ಪೋರ್ಟ್-ಚಾನಲ್ ಮಾಡಿ. ಒಂದು ಸ್ವಿಚ್ ಹೋದರೆ ಅದಕ್ಕೆ ಸಿಕ್ಕಿಸಿದ 48 ಜನಕ್ಕಷ್ಟೇ ತೊಂದರೆ. ಕೋರ್ ಕಡೆಯಲ್ಲೂ ಎರಡು ಲಿಂಕನ್ನು ಆದಷ್ಟು ಬೇರೆ ಬೇರೆ ಕಾರ್ಡಿಗೆ ಹಾಕಿ.

ಮಧ್ಯದ ಸ್ವಿಚ್‌ನ ಮಾಡ್ಯೂಲ್ ಜಾಗವನ್ನು ಬಾಯಿ ಬಿಟ್ಟುಕೊಂಡು ಇಡಬೇಡಿ. ಅದಕ್ಕೆ ಬ್ಲಾಂಕ್ ಮುಚ್ಚಳ ಬರುತ್ತದೆ, ಹಾಕಿ. ಇಲ್ಲದಿದ್ದರೆ ಫ್ಯಾನಿನ ಗಾಳಿಯ ಹರಿವು ಕೆಡುತ್ತದೆ, ಧೂಳು ಒಳಗೆ ಹೋಗುತ್ತದೆ. ಒಂದೇ ಸ್ಟ್ಯಾಕ್‌ನಲ್ಲಿ ಎಲ್ಲಾ ಸ್ವಿಚ್‌ಗೂ ಒಂದೇ ಥರದ ಮಾಡ್ಯೂಲ್ ಇರಬೇಕು ಅಂತೇನೂ ಇಲ್ಲ. ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ, ಮತ್ತೊಂದರಲ್ಲಿ ಬೇರೆ ಇದೆ, ಎಲ್ಲವೂ ನಡೆಯುತ್ತದೆ. ಒಂದೇ ಆಗಿರಬೇಕಾದದ್ದು ಸಾಫ್ಟ್‌ವೇರ್ ಆವೃತ್ತಿ ಮತ್ತು ಲೈಸೆನ್ಸ್. ಎರಡು ನೆಟ್‌ವರ್ಕ್ ಎಸೆನ್ಷಿಯಲ್ಸ್, ಒಂದು ನೆಟ್‌ವರ್ಕ್ ಅಡ್ವಾಂಟೇಜ್ ಬಂದಿದ್ದರೆ ಈಗಲೇ ನೋಡಿಕೊಳ್ಳಿ.

ಸ್ಟ್ಯಾಕ್ ಕೇಬಲ್ ಮೂರೂ ಕೇಳಿ ತಗೊಳ್ಳಿ. ಒಂದರಿಂದ ಎರಡು, ಎರಡರಿಂದ ಮೂರು, ಮೂರರಿಂದ ಮತ್ತೆ ಒಂದು. ಎರಡೇ ಕೇಬಲ್ ಹಾಕಿದರೂ ಸ್ಟ್ಯಾಕ್ ಏಳುತ್ತದೆ, ಅದಕ್ಕೇ ಮೂರನೆಯದನ್ನು ಮರೆತುಬಿಡುತ್ತಾರೆ. ರಿಂಗ್ ಪೂರ್ತಿ ಆಗದಿದ್ದರೆ ವೇಗ ಅರ್ಧ, ಮಧ್ಯದ ಒಂದು ಕೇಬಲ್ ಸಡಿಲವಾದರೆ ಸ್ಟ್ಯಾಕ್ ಎರಡು ಹೋಳು. ಕೇಬಲ್ 50 ಸೆಂಟಿಮೀಟರ್, 1 ಮೀಟರ್, 3 ಮೀಟರ್ ಉದ್ದದಲ್ಲಿ ಸಿಗುತ್ತದೆ. ಸ್ವಿಚ್‌ಗಳ ಮಧ್ಯೆ ಕೇಬಲ್ ಮ್ಯಾನೇಜರ್ ಇಟ್ಟಿದ್ದರೆ ಮೂರರಿಂದ ಒಂದಕ್ಕೆ ಬರುವುದನ್ನು 1 ಮೀಟರಿನದೇ ತಗೊಳ್ಳಿ. ಮೇಲಿನ ಸ್ವಿಚ್‌ಗೆ ಪ್ರಯಾರಿಟಿ 15 ಕೊಡಿ, ಯಾರು ಆಕ್ಟಿವ್ ಅನ್ನೋದು ನಿಮ್ಮ ಕೈಯಲ್ಲಿರುತ್ತದೆ. ಕೊಡದಿದ್ದರೆ ಕೊನೆಗೆ ಮ್ಯಾಕ್ ವಿಳಾಸ ಯಾರದ್ದು ಚಿಕ್ಕದೋ ಅವರೇ ಯಜಮಾನರಾಗುತ್ತಾರೆ.

ಎಸ್.ಪಿ. ರಸ್ತೆಯ 3850 ಮಾಡ್ಯೂಲ್ ವಿಚಾರ. ಇದು ಒಳ್ಳೆಯ ಪ್ರಶ್ನೆ. 3850ರ ನೆಟ್‌ವರ್ಕ್ ಮಾಡ್ಯೂಲ್ 9300ರಲ್ಲಿ ಕೆಲಸ ಮಾಡುತ್ತದೆ. ಉಲ್ಟಾ ಆಗಲ್ಲ, 9300ರದು 3850ರಲ್ಲಿ ನಡೆಯುವುದಿಲ್ಲ. ಹಾಗಾಗಿ ತಾಂತ್ರಿಕವಾಗಿ ನೀವು ನೋಡಿದ್ದು ಸರಿಯೇ. ಯಾವುದು ಅಂತ ನೋಡಿ ತಗೊಳ್ಳಿ. ಎನ್‌ಎಂ-2-10ಜಿ ಅನ್ನುವುದರಲ್ಲಿ ನಾಲ್ಕು ಕಿಂಡಿ ಕಾಣುತ್ತದೆ, 10 ಜಿ ಇರುವುದು ಎರಡಕ್ಕೆ ಮಾತ್ರ, ಉಳಿದೆರಡು 1 ಜಿ. ಎನ್‌ಎಂ-4-1ಜಿ ಅನ್ನುವುದು ಹೊರಗಿನಿಂದ ಸುಮಾರು ಹಾಗೇ ಕಾಣುತ್ತದೆ, ಪೂರ್ತಿ 1 ಜಿ. ಅಂಗಡಿಯವರೂ ಎಷ್ಟೋ ಸಲ ಇವೆರಡನ್ನು ಅದಲು ಬದಲು ಹೇಳುತ್ತಾರೆ. ಕಿಂಡಿ ಎಣಿಸಬೇಡಿ, ಮೇಲಿನ ಅಕ್ಷರ ಓದಿ.

ಕೊಳ್ಳಬೇಕಾ ಅಂದರೆ, ಸ್ವಂತ ಲ್ಯಾಬಿಗೋ ಮನೆಯ ಅಭ್ಯಾಸಕ್ಕೋ ಆದರೆ ಧಾರಾಳವಾಗಿ. ಕಾಲೇಜಿನ ಹೊಸ ಬ್ಲಾಕ್‌ಗೆ ನಾನು ಬೇಡ ಅನ್ನುತ್ತೇನೆ. 3850ರ ಮಾರಾಟ ನಿಂತು ವರ್ಷಗಳಾಗಿವೆ. ಕೆಟ್ಟರೆ ಬದಲಿ ಕೊಡುವವರಿಲ್ಲ, ಸಪೋರ್ಟ್ ಒಪ್ಪಂದದಲ್ಲಿ ಸೇರುವುದಿಲ್ಲ, ನಕಲಿಯೂ ಇರಬಹುದು. ಬಿಲ್ ಮತ್ತು ವಾರಂಟಿ ಇಲ್ಲದ ವಸ್ತುವನ್ನು ಸ್ಟಾಕ್ ರಿಜಿಸ್ಟರ್‌ಗೆ ಏರಿಸುವ ತಲೆನೋವು ಬೇರೆ. ಆದರೆ ಒಂದು ಹಳೆಯದನ್ನು ಕಪಾಟಿನಲ್ಲಿ ತುರ್ತಿಗೆ ಇಟ್ಟುಕೊಳ್ಳುವುದು ಜಾಣತನವೇ.

ಎಸ್‌ಎಫ್‌ಪಿಗಳ ವಿಷಯದಲ್ಲಿ ನಾನು ಇಷ್ಟು ಬಿಗಿಯಿಲ್ಲ. ಸಿಸ್ಕೊ ಹೆಸರಿನದೇ ಬೇಕು ಅಂತಿಲ್ಲ. ಹೆಸರುವಾಸಿ ತಯಾರಕರ, ಸಿಸ್ಕೊಗೆ ಕೋಡ್ ಮಾಡಿದ ಹೊಸ ಎಲ್‌ಆರ್ ಚೆನ್ನಾಗಿಯೇ ಓಡುತ್ತದೆ. ಸ್ವಿಚ್ ಒಪ್ಪದೆ ಪೋರ್ಟ್ ಮುಚ್ಚಿಬಿಟ್ಟರೆ ‘ಸರ್ವಿಸ್ ಅನ್‌ಸಪೋರ್ಟೆಡ್-ಟ್ರಾನ್ಸೀವರ್’ ಅನ್ನುವ ಕಮಾಂಡ್ ಇದೆ. ಟ್ಯಾಬ್ ಒತ್ತಿದರೆ ಅದು ಕಾಣಿಸುವುದಿಲ್ಲ, ಪೂರ್ತಿ ಟೈಪ್ ಮಾಡಬೇಕು. ಸಪೋರ್ಟ್‌ಗೆ ಕರೆ ಮಾಡಿದಾಗ ‘ಮೊದಲು ಕಂಪನಿಯದು ಹಾಕಿ ನೋಡಿ’ ಅನ್ನಬಹುದು. ಅದಕ್ಕಾಗಿ ಅಸಲಿ ಒಂದು ಜೋಡಿ ಇಟ್ಟುಕೊಳ್ಳಿ, ಅದೇ ಸ್ಪೇರ್ ಕೂಡ ಆಗುತ್ತದೆ.

ಮಾಡ್ಯೂಲ್ ಹಾಕಲು ಸ್ವಿಚ್ ಆಫ್ ಮಾಡಬೇಕಿಲ್ಲ, ಚಾಲೂ ಇರುವಾಗಲೇ ಹಾಕಬಹುದು, ತೆಗೆಯಬಹುದು. ಎಡವುವುದು ಪೋರ್ಟಿನ ಹೆಸರಿನಲ್ಲಿ. ಮಾಡ್ಯೂಲ್‌ನ ಪೋರ್ಟಿಗೆ ಮಧ್ಯದ ಅಂಕಿ 1: ಮೊದಲ ಸ್ವಿಚ್‌ನದು 1/1/1, ಮೂರನೆಯದರದು 3/1/1. 4ಜಿ ಹಾಕಿದ್ದರೆ ಅದು ಗಿಗಾಬಿಟ್‌ಈಥರ್ನೆಟ್ 1/1/1. ಅದನ್ನು ತೆಗೆದು 8ಎಕ್ಸ್ ಹಾಕಿದರೆ ಟೆನ್‌ಗಿಗಾಬಿಟ್‌ಈಥರ್ನೆಟ್ 1/1/1. 9300ರ ಕಾನ್ಫಿಗರೇಶನ್‌ನಲ್ಲಿ ಇಲ್ಲದ ಮಾಡ್ಯೂಲ್‌ಗಳ ಪೋರ್ಟ್ ಹೆಸರೂ ಕಾಣುತ್ತಿರುತ್ತವೆ. ಹಾಗಾಗಿ ಹಳೆಯ ಹೆಸರಿನ ಕೆಳಗೆ ಎಲ್ಲ ಸರಿಯಾಗಿ ಇದೆ ಅನ್ನಿಸುತ್ತದೆ, ಹೊಸ ಪೋರ್ಟು ಮಾತ್ರ ಬೋಳು. ‘ಮಾಡ್ಯೂಲ್ ಬದಲಿಸಿದ ಮೇಲೆ ವಿಲ್ಯಾನ್ ಹೋಗ್ತಾ ಇಲ್ಲ’ ಅನ್ನುವ ದೂರಿನ ಹಿಂದೆ ಇದೇ ಇರುತ್ತದೆ.

ಟೆಂಡರ್ ಕರೆಯುವುದಾದರೆ, ಸರ್ಕಾರಿ ಹಣ ಇದ್ದಲ್ಲಿ ಕರ್ನಾಟಕದ ಸರ್ಕಾರಿ ಖರೀದಿಯ 1999ರ ಕೆಟಿಪಿಪಿ ಕಾಯ್ದೆಯ ನಿಯಮ ನಿಮ್ಮ ಕಚೇರಿಯವರಿಗೆ ಗೊತ್ತಿರುತ್ತದೆ. ತಾಂತ್ರಿಕ ವಿವರವನ್ನು ಮಾತ್ರ ನೀವೇ ಬರೆಯಿರಿ. ‘10 ಜಿ ಅಪ್‌ಲಿಂಕ್ ಮಾಡ್ಯೂಲ್ 2’ ಅಂತ ಬರೆದರೆ ಏನು ಬೇಕಾದರೂ ಬರಬಹುದು. ನಿಮ್ಮಲ್ಲಿರುವ ಸ್ವಿಚ್‌ನ ಪೂರ್ತಿ ಮಾದರಿ ಸಂಖ್ಯೆ, ಮಾಡ್ಯೂಲ್‌ನ ಪೂರ್ತಿ ಸಂಖ್ಯೆ, ಎಸ್‌ಎಫ್‌ಪಿ ಎರಡೂ ತುದಿಗೆ ಸೇರಿ ನಾಲ್ಕು, ಸಿಂಗಲ್ ಮೋಡ್ ಎಲ್‌ಸಿ ಪ್ಯಾಚ್ ಕಾರ್ಡ್, ಸ್ಟ್ಯಾಕ್ ಕೇಬಲ್ ಉದ್ದದ ಸಮೇತ, ಇಷ್ಟನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿ. ಮಾಡ್ಯೂಲ್ ಜೊತೆ ಎಸ್‌ಎಫ್‌ಪಿ ಬರುವುದಿಲ್ಲ. ಇದನ್ನು ತಿಳಿಯದೆ ಖಾಲಿ ಕಿಂಡಿಯ ಮಾಡ್ಯೂಲ್ ಬಿಚ್ಚಿ ನೋಡಿ ಕೂತವರು ಬಹಳ ಜನ. ಬಿಲ್ಲಿಗೆ ಸಹಿ ಹಾಕುವ ಮುಂಚೆ ‘ಶೋ ಇನ್ವೆಂಟರಿ’ಯಲ್ಲಿ ಸೀರಿಯಲ್ ನಂಬರ್ ಹೊಂದುತ್ತದೆಯೇ, ‘ಶೋ ಸ್ವಿಚ್ ಸ್ಟ್ಯಾಕ್-ಪೋರ್ಟ್ಸ್ ಸಮ್ಮರಿ’ಯಲ್ಲಿ ಎಲ್ಲಾ ಪೋರ್ಟ್ ಓಕೆ ಇದೆಯೇ, ‘ಶೋ ಇಂಟರ್ಫೇಸಸ್ ಟ್ರಾನ್ಸೀವರ್’ನಲ್ಲಿ ಬರುವ ಬೆಳಕು ಎಷ್ಟಿದೆ, ಮೂರನ್ನೂ ತೆಗೆಸಿ ಪ್ರಿಂಟ್ ಇಟ್ಟುಕೊಳ್ಳಿ. ಆಮೇಲೆ ಒಂದೊಂದೇ ಅಪ್‌ಲಿಂಕ್ ಕಿತ್ತು ನೋಡಿ, ಪಿಂಗ್ ನಿಲ್ಲಬಾರದು.

ಕೊನೆಗೆ ಲೈಬ್ರರಿಯ 2960-ಎಕ್ಸ್. 9300ರ ಜೊತೆ ಸ್ಟ್ಯಾಕ್ ಆಗುವುದಿಲ್ಲ, ಯಾವ ಮಾಡ್ಯೂಲ್ ತಂದರೂ ಆಗುವುದಿಲ್ಲ. ಎರಡರ ಸ್ಟ್ಯಾಕ್ ವಿಧಾನವೇ ಬೇರೆ. ಅಲ್ಲದೆ ಸ್ಟ್ಯಾಕ್ ಕೇಬಲ್ 3 ಮೀಟರಿಗಿಂತ ಉದ್ದ ಇಲ್ಲ, ಕಟ್ಟಡದಿಂದ ಕಟ್ಟಡಕ್ಕೆ ಎಳೆಯಲು ಬರುವುದಿಲ್ಲ. ಆ ಎರಡನ್ನು ಅಲ್ಲೇ ಒಂದಕ್ಕೊಂದು ಸ್ಟ್ಯಾಕ್ ಮಾಡಬಹುದು: ಫ್ಲೆಕ್ಸ್‌ಸ್ಟ್ಯಾಕ್-ಪ್ಲಸ್ ಮಾಡ್ಯೂಲ್ ಎರಡು, ಸ್ಟ್ಯಾಕ್ ಕೇಬಲ್ ಎರಡು ಬೇಕು. ಅದಕ್ಕೂ ಮುಂಚೆ ಮಾದರಿ ಸಂಖ್ಯೆಯ ಕೊನೆ ನೋಡಿ. ಎಲ್‌ಎಲ್ ಅಂತ ಮುಗಿದರೆ ಅದು ಲ್ಯಾನ್ ಲೈಟ್, ಸ್ಟ್ಯಾಕ್‌ಗೆ ಬರುವುದಿಲ್ಲ. ಹಾಗಿದ್ದರೆ ಮಾಡ್ಯೂಲ್ ಹುಡುಕಬೇಡಿ, ಎರಡಕ್ಕೂ ಕೋರ್‌ನಿಂದ ಬೇರೆ ಬೇರೆ ಲಿಂಕ್ ಕೊಡಿ. ಅಷ್ಟು ಹಳೆಯ ಸ್ವಿಚ್‌ಗೆ ಇನ್ನು ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ.